ವಿವಾಹಕ್ರಿಯೆಯಲ್ಲಿ ವ್ರತದ ಸ್ಥಾನ

ಭಗವಜ್ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ವ್ರತಿಗಳಾದ ಗೃಹಸ್ಥರಿಗೆ ಉಪದೇಶಿಸಿದ ಗರ್ಭಾನ್ವಯ ಕ್ರಿಯೆಗಳು 53. ಜೀವವು ತಾಯಿಯ ಉದರಕ್ಕೆ ಬರುವ ಆಧಾನಕ್ರಿಯೆ ಮೊದಲನೆಯದು. ಕರ್ಮಗಳೆಲ್ಲ ಕಳೆದು ಸಿದ್ಧಪದವನ್ನೇರುವ ಅಗ್ರನಿರ್ವೃತಿ ಕೊನೆಯದು. ಈ ದೀರ್ಘವಾದ ಸೋಪಾನದಲ್ಲಿ ವಿವಾಹವು 17ನೆಯ ಮೆಟ್ಟಿಲು. ಮದುವೆಯ ಮನೆಯಲ್ಲಿ ಹಂದರ ಹಾಕುವ ಗದ್ದಲ, ಸೀರೆ ಆಭರಣಗಳ ಚರ್ಚೆ, ಬೀಗರ ಉಪಚಾರ ಇವುಗಳ ನಡುವೆ ಈ ಸಂಖ್ಯೆಯನ್ನು ಸ್ಮರಿಸುವವರು ವಿರಳ. ಆದರೆ ಅದರ ಹಿಂದಿನ ಮೆಟ್ಟಿಲು ಯಾವುದು, ಮುಂದಿನದು ಯಾವುದು ಎಂದು ವಿಚಾರಿಸದೆ ವಿವಾಹದ ಅರ್ಥವು ತಿಳಿಯುವುದಿಲ್ಲ.

ಹಿಂದಿನದು ವ್ರತಾವತರಣ. ಉಪನೀತಿಯಾದ ಬಾಲಕನು ಗುರುಗೃಹದಲ್ಲಿ ವ್ರತಚರ್ಯೆಯನ್ನು ನಡೆಸಿ, ವಿದ್ಯೆ ಮುಗಿದ ಮೇಲೆ ಗುರುವಿನ ಅನುಮತಿ ಪಡೆದು ವಿದ್ಯಾರ್ಥಿದಶೆಯ ವಿಶೇಷ ನಿಯಮಗಳನ್ನು ಇಳಿಸುತ್ತಾನೆ. ವಸ್ತ್ರ, ಮಾಲೆ, ಆಭರಣಗಳನ್ನು ಧರಿಸಬಹುದಾಗುತ್ತದೆ. ಹೆಸರನ್ನು ಕೇಳಿದವರು ವ್ರತಗಳೆಲ್ಲ ಇಲ್ಲಿಗೆ ಮುಗಿದವೆಂದು ಭಾವಿಸುವುದುಂಟು. ಆಚಾರ್ಯರು ಹಾಗೆ ಹೇಳಿಲ್ಲ. ಮಧು ಮಾಂಸಗಳ ತ್ಯಾಗ, ಐದು ಉದುಂಬರ ಫಲಗಳ ತ್ಯಾಗ, ಹಿಂಸಾದಿ ಪಂಚಪಾಪಗಳಿಂದ ವಿರತಿ ಇವು ಸಾರ್ವಕಾಲಿಕ ವ್ರತಗಳಾಗಿ ಅವನಲ್ಲಿ ಉಳಿಯುತ್ತವೆ. ಬ್ರಹ್ಮಚರ್ಯವಾದರೋ ಮುಂದಿನ ಕ್ರಿಯೆಯಾದ ವಿವಾಹದವರೆಗೂ ಇದ್ದೇ ಇರುತ್ತದೆ. ಅಂದರೆ ವರನು ಮಂಟಪದ ಬಾಗಿಲಿಗೆ ಬರುವುದೇ ವ್ರತಿಯಾಗಿ.

ಮುಂದಿನ ಮೆಟ್ಟಿಲುಗಳು ವರ್ಣಲಾಭ, ಕುಲಚರ್ಯೆ, ಗೃಹೀಶಿತೆ, ಪ್ರಶಾಂತಿ, ಗೃಹತ್ಯಾಗ, ದೀಕ್ಷಾದ್ಯ, ಜಿನರೂಪತೆ. ಎಣಿಸಿ ನೋಡಿದರೆ ವಿವಾಹದಿಂದ ದಿಗಂಬರ ಮುದ್ರೆಗೆ ಏಳೇ ಹೆಜ್ಜೆ! ಮದುವೆಯ ಕರೆಯೋಲೆಯನ್ನು ಅಚ್ಚು ಹಾಕಿಸುವಾಗ ಇದನ್ನು ಯಾರು ತಾನೇ ನೆನೆಯುತ್ತಾರೆ? ನೆನೆದರೆ ಅಮಂಗಲವೆಂದು ಹಿರಿಯರು ಬಾಯಿ ಮುಚ್ಚಿಸಿಯಾರು. ಆದರೆ ಜಿನಸೇನಾಚಾರ್ಯರ ದೃಷ್ಟಿಯಲ್ಲಿ ಮಂಗಲವೆಂದರೆ ಇದೇ. ಗೃಹಸ್ಥಾಶ್ರಮವು ನಿಂತುಬಿಡುವ ಊರಲ್ಲ, ಹಾದುಹೋಗುವ ದಾರಿ.

ವಿವಾಹದ ದಿನದ ವಿಧಿಯನ್ನು ಆಚಾರ್ಯರು ಬಹು ಸಂಕ್ಷೇಪವಾಗಿ ಹೇಳಿದ್ದಾರೆ. ಮೊದಲು ಸಿದ್ಧಪರಮೇಷ್ಠಿಯ ಅರ್ಚನೆ, ಬಳಿಕ ಮೂರು ಅಗ್ನಿಗಳ ಪೂಜೆ, ಪುಣ್ಯಸ್ಥಾನದಲ್ಲಿ ಸಿದ್ಧಪ್ರತಿಮೆಯ ಎದುರಿನಲ್ಲಿ ಪಾಣಿಗ್ರಹಣ, ಅಗ್ನಿಗೆ ಪ್ರದಕ್ಷಿಣೆ. ಗಾರ್ಹಪತ್ಯ, ಆಹವನೀಯ, ದಕ್ಷಿಣಾಗ್ನಿ ಎಂಬ ಈ ಮೂರು ಹೆಸರುಗಳನ್ನು ಕೇಳಿ, ಜೈನರೂ ಅಗ್ನಿಯನ್ನು ದೇವತೆಯೆಂದು ಪೂಜಿಸುತ್ತಾರೆಯೇ ಎಂದು ತರುಣರು ಪ್ರಶ್ನಿಸುವುದುಂಟು. ಪ್ರಶ್ನೆ ಯೋಗ್ಯವಾದದ್ದೇ. ಉತ್ತರವೂ ಆದಿಪುರಾಣದಲ್ಲಿಯೇ ಇದೆ. ಅಗ್ನಿಗೆ ತನ್ನಷ್ಟಕ್ಕೆ ಪವಿತ್ರತೆಯೂ ಇಲ್ಲ, ದೇವತ್ವವೂ ಇಲ್ಲ. ತೀರ್ಥಂಕರರು, ಗಣಧರರು, ಉಳಿದ ಕೇವಲಿಗಳು ನಿರ್ವಾಣ ಹೊಂದಿದಾಗ ನಡೆದ ಮಹೋತ್ಸವದಲ್ಲಿ ಪೂಜೆಯ ಅಂಗವಾದುದರಿಂದ ಆ ಅಗ್ನಿಗಳಿಗೆ ಪಾವನತೆ ಬಂದಿತು. ವ್ಯವಹಾರದ ದೃಷ್ಟಿಯಿಂದ ಅವು ಪೂಜ್ಯ. ಆದ್ದರಿಂದ ವಧೂವರರು ಸುತ್ತುವ ಬೆಂಕಿಯು ದೇಹವನ್ನು ತೊರೆದು ಮುಕ್ತರಾದವರ ಸ್ಮರಣೆಯ ಬೆಂಕಿ. ಹೊಸ ಸಂಸಾರವನ್ನು ಹೂಡುವವರು ಸಂಸಾರವನ್ನು ಗೆದ್ದವರನ್ನು ಸಾಕ್ಷಿಯಾಗಿ ಇರಿಸಿಕೊಳ್ಳುತ್ತಾರೆ.

ಏಳು ಪ್ರದಕ್ಷಿಣೆಗಳ ವಿಷಯವೂ ಹೀಗೆಯೇ. 1955ರ ಹಿಂದೂ ವಿವಾಹ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ. ಉಭಯ ಪಕ್ಷಗಳಲ್ಲಿ ಯಾರೊಬ್ಬರ ಸಂಪ್ರದಾಯದ ವಿಧಿಯಂತೆ ನಡೆದರೂ ವಿವಾಹ ಸಿಂಧುವೆಂದೂ, ಆ ವಿಧಿಯಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ವಿವಾಹ ಪೂರ್ಣವೆಂದೂ ಅದರ 7ನೆಯ ಕಲಮು ಹೇಳುತ್ತದೆ. ಕಾಯಿದೆಗೆ ಹೆಜ್ಜೆಯ ಸಂಖ್ಯೆ ಸಾಕು. ಶ್ರಾವಕನಿಗೆ ಅರ್ಥವೂ ಬೇಕು. ದಿಗಂಬರ ವಿವಾಹವಿಧಿಯಲ್ಲಿ ಏಳು ಸುತ್ತುಗಳನ್ನು ಸಪ್ತ ಪರಮಸ್ಥಾನಗಳಿಗೆ ಅರ್ಘ್ಯವೆತ್ತಿ ನಡೆಸುವ ಪದ್ಧತಿಯುಂಟು: ಸಜ್ಜಾತಿ, ಸದ್ಗೃಹಿತ್ವ, ಪಾರಿವ್ರಾಜ್ಯ, ಸುರೇಂದ್ರತೆ, ಸಾಮ್ರಾಜ್ಯ, ಆರ್ಹಂತ್ಯ, ನಿರ್ವಾಣ. ಎರಡನೆಯ ಸುತ್ತಿನಲ್ಲಿ ಒಳ್ಳೆಯ ಗೃಹಸ್ಥಿಕೆಯನ್ನು ಕೋರಿದ ದಂಪತಿಗಳು ಮೂರನೆಯ ಸುತ್ತಿನಲ್ಲಿಯೇ ಸಂನ್ಯಾಸಕ್ಕೆ ಅರ್ಘ್ಯವನ್ನು ಎತ್ತುತ್ತಾರೆ! ಪುರೋಹಿತರು, ಅವರನ್ನು ಉಪಾಧ್ಯೆಯೆನ್ನಲಿ ಇಂದ್ರರೆನ್ನಲಿ, ಈ ಮಂತ್ರಗಳನ್ನು ಹೇಳುವಾಗ ಒಂದೊಂದು ಮಾತಿನಲ್ಲಿ ಅರ್ಥವನ್ನೂ ಹೇಳಿದರೆ ವಧೂವರರಿಗೆ ತಾವು ಏನು ಮಾಡುತ್ತಿದ್ದೇವೆಂಬುದು ತಿಳಿದೀತು. ಛಾಯಾಚಿತ್ರ ತೆಗೆಯುವವರಿಗಾಗಿ ಎರಡು ಬಾರಿ ನಿಲ್ಲಿಸಿ ಸುತ್ತಿಸುವಷ್ಟು ವೇಳೆ ಇರುವಲ್ಲಿ ಏಳು ಮಾತುಗಳಿಗೆ ವೇಳೆ ಇಲ್ಲವೆನ್ನಲಾಗದು.

ವ್ರತಕ್ಕೂ ವಿವಾಹಕ್ಕೂ ಇರುವ ನಂಟನ್ನು ಕಥೆಯ ರೂಪದಲ್ಲಿ ಕಾಣಬೇಕಾದರೆ ಸುಲೋಚನೆಯ ಚರಿತ್ರೆಯನ್ನು ನೋಡಬೇಕು. ಜಿನಸೇನರು ಪೂರ್ಣಗೊಳಿಸದೆ ಬಿಟ್ಟ ಆದಿಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಮುಂದುವರಿಸಿದ ಭಾಗದಲ್ಲಿ ಈ ಕಥೆ ಬರುತ್ತದೆ. ವಾರಾಣಸಿಯ ಅರಸು ಅಕಂಪನ, ರಾಣಿ ಸುಪ್ರಭೆ. ಅವರ ಮಗಳು ಸುಲೋಚನೆ. ಅವಳು ಜಿನಬಿಂಬಗಳನ್ನು ಮಾಡಿಸಿ ಪೂಜಿಸುವವಳು, ಪಾತ್ರದಾನದಲ್ಲಿ ಆಸಕ್ತಳು. ಒಮ್ಮೆ ಅವಳು ಆಷ್ಟಾಹ್ನಿಕ ಪೂಜೆಯನ್ನು ನೆರವೇರಿಸಿ, ಉಪವಾಸದಿಂದ ಮೈ ಬಡವಾಗಿದ್ದರೂ ತಾನೇ ಪೂಜೆಯ ಶೇಷಾಕ್ಷತೆಯನ್ನು ತಂದೆಗೆ ಕೊಡಲು ಆಸ್ಥಾನಕ್ಕೆ ಬಂದಳು. ಅಕಂಪನನು ಎದ್ದು ಕೈಮುಗಿದು ಶೇಷೆಯನ್ನು ಪಡೆದು ತಲೆಯ ಮೇಲಿರಿಸಿಕೊಂಡನು. ಬಳಿಕ ಮಗಳನ್ನು ನೋಡಿ, ಉಪವಾಸದಿಂದ ದಣಿದಿರುವೆ, ಪಾರಣೆಯ ಹೊತ್ತಾಯಿತು, ಮನೆಗೆ ಹೋಗು ತಾಯಿ ಎಂಬಂತಹ ಮಾತನ್ನಾಡಿ ಕಳುಹಿಸಿದನು. ಮಗಳು ವಿವಾಹಯೋಗ್ಯಳಾಗಿದ್ದಾಳೆಂದು ತಂದೆಗೆ ಹೊಳೆದುದು ಈ ಗಳಿಗೆಯಲ್ಲಿ.

ಇದನ್ನು ಗಮನಿಸಬೇಕು. ಸಿಂಗರಿಸಿಕೊಂಡು ಕನ್ನಡಿಯ ಮುಂದೆ ನಿಂತ ಮಗಳನ್ನು ಕಂಡು ಅಕಂಪನನಿಗೆ ಮದುವೆಯ ಯೋಚನೆ ಬರಲಿಲ್ಲ. ಉಪವಾಸದಿಂದ ಬಾಡಿದ ಮುಖವನ್ನು ಕಂಡಾಗ ಬಂದಿತು. ಕೈಯಲ್ಲಿ ಶೇಷಾಕ್ಷತೆ ಹಿಡಿದವಳು ಇನ್ನೊಂದು ಮನೆಯನ್ನು ಹಿಡಿಯಬಲ್ಲಳೆಂಬ ಭರವಸೆ ಆ ತಂದೆಯದು. ಅವನು ಮಂತ್ರಿಗಳೊಡನೆ ಆಲೋಚಿಸಿ, ವರನನ್ನು ತಾನೇ ಗೊತ್ತುಮಾಡದೆ, ಆಯ್ಕೆಯನ್ನು ಮಗಳಿಗೇ ಬಿಟ್ಟು ಸ್ವಯಂವರವನ್ನು ಏರ್ಪಡಿಸಿದನು. ಈ ಯುಗದ ಮೊದಲ ಸ್ವಯಂವರವೆಂದು ಪುರಾಣವು ಇದನ್ನು ಕೊಂಡಾಡುತ್ತದೆ. ಭರತನ ಮಗನಾದ ಅರ್ಕಕೀರ್ತಿಯೂ ಸಭೆಯಲ್ಲಿದ್ದನು. ಸುಲೋಚನೆ ಅವನನ್ನು ದಾಟಿ ಹಸ್ತಿನಾಪುರದ ಜಯಕುಮಾರನಿಗೆ ಮಾಲೆ ಹಾಕಿದಳು. ಅರ್ಕಕೀರ್ತಿ ಅಪಮಾನವೆಂದು ಬಗೆದು ಯುದ್ಧಕ್ಕೆ ನಿಂತನು. ಆಗ ಸುಲೋಚನೆ ಏನು ಮಾಡಿದಳು? ಜಿನಾಲಯದಲ್ಲಿ ನಿಯಮವನ್ನು ತಾಳಿ ಕಾಯೋತ್ಸರ್ಗದಲ್ಲಿ ನಿಂತಳು. ಜಯಕುಮಾರನು ಗೆದ್ದನು, ಅಕಂಪನನು ಸೋತವನನ್ನು ಹಳಿಯದೆ, ಕಿರಿಯ ಮಗಳಾದ ಲಕ್ಷ್ಮೀಮತಿಯನ್ನು ಅವನಿಗೆ ಕೊಟ್ಟು ವೈರವನ್ನು ಶಮನಗೊಳಿಸಿದನು. ಭರತ ಚಕ್ರವರ್ತಿಯೂ ಮಗನ ಪಕ್ಷವನ್ನು ವಹಿಸಲಿಲ್ಲ, ಅಕಂಪನನನ್ನೇ ಮನ್ನಿಸಿದನು. ಮಗಳ ಒಪ್ಪಿಗೆ ಕೇಳುವುದು ಹೊಸಕಾಲದ ಹಾವಳಿಯೆಂದು ಗೊಣಗುವ ಹಿರಿಯರು ಈ ಕಥೆಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಜಯಕುಮಾರನು ಹಸ್ತಿನಾಪುರದ ಸೋಮಪ್ರಭನ ಮಗ. ಆ ಸೋಮಪ್ರಭನ ತಮ್ಮನೇ ಶ್ರೇಯಾಂಸ, ವೃಷಭಸ್ವಾಮಿಗೆ ಕಬ್ಬಿನ ರಸವನ್ನು ಆಹಾರವಾಗಿ ಕೊಟ್ಟು ದಾನತೀರ್ಥವನ್ನು ಪ್ರವರ್ತಿಸಿದವನು. ಆರು ತಿಂಗಳ ಪ್ರತಿಮಾಯೋಗವೂ, ಆಮೇಲೆ ವಿಧಿಯರಿತು ಆಹಾರ ಕೊಡುವವರಿಲ್ಲದೆ ಕಳೆದ ತಿಂಗಳುಗಳೂ ಮುಗಿದು ಆ ಮಹಾಪಾರಣೆ ನಡೆದ ದಿನವೇ ಅಕ್ಷಯತೃತೀಯೆ. ಪಾರಣೆಗೆ ಹೊರಟಿದ್ದ ಕನ್ಯೆಯು ಸೇರಿದ್ದು ಮೊದಲ ಪಾರಣೆಯನ್ನು ಮಾಡಿಸಿದ ಮನೆಯನ್ನು. ಅಕ್ಷಯತೃತೀಯೆಯಂದು ಪಂಚಾಂಗ ನೋಡುವ ಅಗತ್ಯವಿಲ್ಲವೆಂದು ಮದುವೆಗಳನ್ನು ಇಟ್ಟುಕೊಳ್ಳುವ ರೂಢಿ ಎಲ್ಲೆಡೆಯೂ ಇದೆ. ಇಟ್ಟುಕೊಳ್ಳಲಿ. ಆದರೆ ಜೈನರ ಮನೆಯಲ್ಲಿ ಅಂದು ಮೊದಲ ಊಟ ಬೀಗರದಲ್ಲ. ತ್ಯಾಗಿಗಳು ಊರಿನಲ್ಲಿದ್ದರೆ ಅವರಿಗೆ ಆಹಾರದಾನವಾದ ಮೇಲೆ ಉಳಿದ ಪಂಕ್ತಿಗಳು.

ಶಾಸ್ತ್ರದಲ್ಲಿ ಹೇಳಿದ್ದು ಇಷ್ಟಾದರೆ, ಮದುವೆಯ ಮನೆಯಲ್ಲಿ ನಡೆಯುವ ಉಳಿದ ಶಾಸ್ತ್ರಗಳ ಗತಿಯೇನು? ಅರಿಶಿನ ಹಚ್ಚುವುದು, ಬಾಸಿಂಗ ಕಟ್ಟುವುದು, ಅಂತರಪಟ ಹಿಡಿಯುವುದು, ಜೀರಿಗೆ ಬೆಲ್ಲ ಹಾಕುವುದು, ತಾಳಿ ಕಟ್ಟುವುದು ಇವು ಊರಿನಿಂದ ಊರಿಗೆ ಬೇರೆಬೇರೆ. ತುಳುನಾಡಿನ ಜೈನರಲ್ಲಿ ಧಾರೆಗೆ ಇರುವ ಪ್ರಾಮುಖ್ಯ ಬೆಳಗಾವಿಯ ಕಡೆಯವರಿಗೆ ಹೊಸದಾಗಿ ಕಂಡೀತು. ಇವುಗಳಲ್ಲಿ ಜೈನವಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಜಗಳವಾಡುವವರಿಗೆ ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ಒರೆಗಲ್ಲನ್ನು ಕೊಟ್ಟಿದ್ದಾರೆ. ಸಮ್ಯಕ್ತ್ವಕ್ಕೆ ಹಾನಿಯಾಗದಿದ್ದರೆ, ವ್ರತಕ್ಕೆ ದೋಷ ತಟ್ಟದಿದ್ದರೆ, ಲೋಕದ ಯಾವ ಆಚಾರವೂ ಜೈನರಿಗೆ ಸಮ್ಮತವೇ ಎಂಬುದು ಅವರ ನಿರ್ಣಯ. ಅರಿಶಿನದಿಂದ ಸಮ್ಯಕ್ತ್ವ ಕೆಡುವುದಿಲ್ಲ. ಮದುವೆ ನಿರ್ವಿಘ್ನವಾಗಲೆಂದು ಕ್ಷುದ್ರದೇವತೆಗೆ ಹರಕೆ ಹೊತ್ತರೆ ಕೆಡುತ್ತದೆ. ಅಷ್ಟು ಸರಳ.

ಒರೆಗಲ್ಲಿನ ಎರಡನೆಯ ಮುಖ, ವ್ರತದೋಷ, ಇಂದಿನ ಮದುವೆಗಳಲ್ಲಿ ಹೆಚ್ಚು ಕಠಿಣವಾಗಿ ಪರೀಕ್ಷಿಸುತ್ತದೆ. ಬೆಳಿಗ್ಗೆ ಮಾಂಗಲ್ಯಧಾರಣೆ ಸಾಂಗವಾಗಿ ನಡೆಯುತ್ತದೆ. ಯಂತ್ರ, ಕಲಶ, ನವದೇವತಾ ಪೂಜೆ ಯಾವುದಕ್ಕೂ ಲೋಪವಿಲ್ಲ. ಸಂಜೆ ಅದೇ ಛತ್ರದಲ್ಲಿ ಆರತಕ್ಷತೆ. ಏಳು ಗಂಟೆಗೆ ಆರಂಭ, ಎಂಟೂವರೆಗೆ ಊಟ. ರಾತ್ರಿಭೋಜನ ತ್ಯಾಗವು ಶ್ರಾವಕನ ಮನೆಯ ಗುರುತೆಂದು ಅನ್ಯರೂ ಬಲ್ಲರು. ಪೂಜ್ಯಪಾದರು ಅದನ್ನು ಅಹಿಂಸಾವ್ರತದ ಭಾವನೆಯಾದ ಆಲೋಕಿತಪಾನಭೋಜನದಲ್ಲಿ ಅಡಗಿಸಿ ಹೇಳಿದ್ದಾರೆ. ಸಮಂತಭದ್ರರು ಅದಕ್ಕೆ ಆರನೆಯ ಪ್ರತಿಮೆಯ ಸ್ಥಾನವನ್ನೇ ಕೊಟ್ಟಿದ್ದಾರೆ. ಹಗಲಿನ ಕೊನೆಯ ಎರಡು ಘಳಿಗೆಗಳನ್ನೂ ಬಿಡಬೇಕೆಂಬುದು ವ್ರತಿಗಳ ನಿಯಮ. ಎರಡು ಘಳಿಗೆಯೆಂದರೆ 48 ನಿಮಿಷ. ಸೂರ್ಯಾಸ್ತವು 6 ಗಂಟೆ 40 ನಿಮಿಷಕ್ಕಾಗುವ ದಿನ 5 ಗಂಟೆ 52 ನಿಮಿಷಕ್ಕೆ ಎಲೆಯಿಂದ ಏಳಬೇಕು.

ಆ ರಾತ್ರಿಯ ಛತ್ರದ ಒಂದು ಮೂಲೆಯಲ್ಲಿ ಮದುಮಗಳ ಅಜ್ಜಿ ಕುಳಿತಿರುತ್ತಾಳೆ. ನಲವತ್ತು ವರ್ಷಗಳಿಂದ ಸೂರ್ಯ ಮುಳುಗಿದ ಮೇಲೆ ನೀರು ಮುಟ್ಟದವಳು. ಮಧ್ಯಾಹ್ನದ ಪಂಕ್ತಿಯಲ್ಲಿ ಹಾಕಿದ ಪಲ್ಯದಲ್ಲಿ ಆಲೂಗಡ್ಡೆ ಕಂಡು ಅನ್ನ ಮಜ್ಜಿಗೆಯಲ್ಲಿ ಮುಗಿಸಿದ್ದಾಳೆ. ಸಂಜೆ ಐದಕ್ಕೆ ಅವಳಿಗೊಂದು ತಟ್ಟೆ ಕೊಡಬೇಕೆಂದು ಯಾರಿಗೂ ಹೊಳೆದಿಲ್ಲ. ಕೇಳಲು ಅವಳಿಗೆ ಸಂಕೋಚ. ಎಂಟೂವರೆಗೆ ಮೊಮ್ಮಕ್ಕಳು ಬಂದು, "ಅಜ್ಜೀ, ಇವತ್ತೊಂದು ದಿನ ಊಟ ಮಾಡಿ" ಎಂದು ಕೈಹಿಡಿದು ಎಳೆಯುತ್ತಾರೆ. ಪ್ರೀತಿಯಿಂದಲೇ ಎಳೆಯುತ್ತಾರೆ. ಅವಳು ನಕ್ಕು, ಹಸಿವಿಲ್ಲ ಎನ್ನುತ್ತಾಳೆ. ತನ್ನ ವಂಶದ ಮಂಗಲಕಾರ್ಯದಲ್ಲಿ ಅವಳೊಬ್ಬಳೇ ಹಸಿದು ಮಲಗುತ್ತಾಳೆ. ಅವಳ ವ್ರತ ಕೆಡಲಿಲ್ಲ, ನಿಜ. ಆದರೆ ನೂರಾರು ಜನಕ್ಕೆ ಉಣಬಡಿಸಿದ ಮನೆ ತನ್ನ ಮನೆಯ ಒಬ್ಬ ವ್ರತಿಗೆ ಹೊತ್ತಿಗೆ ಅನ್ನವಿಕ್ಕಲಿಲ್ಲ. ಅತಿಥಿಸಂವಿಭಾಗವು ಶ್ರಾವಕನ ಹನ್ನೆರಡು ವ್ರತಗಳಲ್ಲಿ ಒಂದು ಎಂದು ಓದಿದವರ ಮನೆಯಲ್ಲಿಯೇ ಇದು ನಡೆಯುತ್ತದೆ.

ಉಪಾಯವು ಕಷ್ಟದ್ದಲ್ಲ. ಆರತಕ್ಷತೆಯನ್ನು ಮೂರೂವರೆಗೆ ಇಟ್ಟು ಐದಕ್ಕೆ ಊಟ ಮುಗಿಸಬಹುದು. ಅಥವಾ ಹಗಲಿನ ಧಾರೆಯ ಊಟದೊಡನೆಯೇ ಮುಕ್ತಾಯ ಮಾಡಬಹುದು. ಕಚೇರಿಯಿಂದ ಬರುವವರಿಗೆ ಅನನುಕೂಲವೆಂಬ ಆಕ್ಷೇಪಣೆ ಬರುತ್ತದೆ. ಜೈನರ ಮದುವೆಯಲ್ಲಿ ರಾತ್ರಿ ಊಟವಿಲ್ಲವೆಂದು ತಿಳಿದ ಅನ್ಯಮತದ ಸ್ನೇಹಿತರು ಎಂದೂ ಬೇಸರಪಡುವುದಿಲ್ಲ, ನಾಚಿಕೆಯೆಲ್ಲ ಹೇಳಬೇಕಾದವರದೇ. ಅಡಿಗೆಯವರನ್ನು ಗೊತ್ತುಮಾಡುವ ದಿನವೇ ಕಂದಮೂಲಗಳಿಲ್ಲ, ಜೇನಿಲ್ಲ, ನೀರು ದಪ್ಪ ಬಟ್ಟೆಯಲ್ಲಿ ಸೋಸಿದ್ದಾಗಬೇಕು ಎಂದು ಬರೆದುಕೊಡಬೇಕು. ಸೋಸಿದ ನೀರಿನ ಅವಧಿ ಎರಡು ಘಳಿಗೆ ಮಾತ್ರ. ಚೆನ್ನಾಗಿ ಕಾಯಿಸಿದ ನೀರು ಎಂಟು ಪ್ರಹರ, ಅಂದರೆ 24 ಗಂಟೆ ನಡೆಯುತ್ತದೆ. ದೊಡ್ಡ ಅಡಿಗೆಯಲ್ಲಿ ಎರಡನೆಯ ಕ್ರಮವೇ ಸುಲಭ.

ಮದುವೆಯ ಅಡಿಗೆಮನೆ ಕ್ಷುಲ್ಲಕ ವಿಷಯವೆಂದು ಯಾರಾದರೂ ಅಂದರೆ ನೇಮಿಸ್ವಾಮಿಯ ಚರಿತ್ರೆಯನ್ನು ನೆನೆಯಲಿ. ರಾಜೀಮತಿಯನ್ನು ವರಿಸಲು ಹೊರಟ ಮದುಮಗನು, ಬಂದ ಅರಸರ ಊಟಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಆಕ್ರಂದನವನ್ನು ಕೇಳಿ ಅಲ್ಲಿಂದಲೇ ಹಿಂತಿರುಗಿ ಊರ್ಜಯಂತಗಿರಿಯನ್ನು ಏರಿದನು. ಇಪ್ಪತ್ತೆರಡನೆಯ ತೀರ್ಥಂಕರನನ್ನು ಮಂಟಪದಿಂದ ಹಿಂತಿರುಗಿಸಿದ್ದು ವರದಕ್ಷಿಣೆಯಲ್ಲ, ಜಾತಕವಲ್ಲ, ಊಟದ ಏರ್ಪಾಡು.

ಪರ್ವತಿಥಿಗಳ ವಿಷಯಕ್ಕೆ ಬಂದರೆ, ದಶಲಕ್ಷಣಪರ್ವದಲ್ಲಿಯೂ ಆಷ್ಟಾಹ್ನಿಕದಲ್ಲಿಯೂ ಮದುವೆ ಇಟ್ಟುಕೊಳ್ಳುವವರು ಕಡಮೆ. ಆದರೆ ಛತ್ರ ಸಿಕ್ಕಿದ ದಿನವೇ ಮುಹೂರ್ತವಾಗಿರುವ ಈ ಕಾಲದಲ್ಲಿ ಅಷ್ಟಮಿಯೋ ಚತುರ್ದಶಿಯೋ ಎಂದು ನೋಡುವವರಿಲ್ಲ. ಪ್ರೋಷಧವೆಂದರೆ ಒಂದೇ ಸಲ ಉಣ್ಣುವುದು, ಉಪವಾಸವೆಂದರೆ ನಾಲ್ಕು ವಿಧದ ಆಹಾರವನ್ನೂ ತ್ಯಜಿಸುವುದು; ಪರ್ವದ ಹಿಂದುಮುಂದಿನ ದಿನಗಳಲ್ಲಿ ಏಕಭುಕ್ತವಿದ್ದು ನಡುವೆ ಉಪವಾಸ ಮಾಡಿದರೆ ಪ್ರೋಷಧೋಪವಾಸ ಎಂದು ಸಮಂತಭದ್ರರು ಪದಪದವಾಗಿ ಬಿಡಿಸಿದ್ದಾರೆ. ಆ ವ್ರತವುಳ್ಳ ತಾಯಿಯ ಮಗನ ಮದುವೆಯನ್ನು ಚತುರ್ದಶಿಗೆ ಇಟ್ಟರೆ ಅವಳಿಗೆ ಮೂರು ದಿನದ ಸಂಕಟ. ಸ್ನಾನಾಲಂಕಾರಗಳನ್ನೂ ಅಂದು ಬಿಡಬೇಕಾದವಳು ಮಗನ ತಲೆಯ ಮೇಲೆ ಅಕ್ಷತೆ ಹಾಕಲು ರೇಷ್ಮೆ ಉಡಬೇಕೇ? ದಿನ ಗೊತ್ತುಮಾಡುವ ಮೊದಲು ಮನೆಯ ವ್ರತಿಗಳನ್ನು ಕೇಳಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಕೊಡುಕೊಳ್ಳುವಿಕೆಯ ಮಾತು ಉಳಿಯಿತು. ಗೊಮ್ಮಟೇಶ್ವರನನ್ನು ಕಡೆಯಿಸಿದ ಚಾವುಂಡರಾಯನು ತನ್ನ ಚಾರಿತ್ರಸಾರದಲ್ಲಿ ಕನ್ಯಾದಾನವನ್ನು ಸಮದತ್ತಿಯಲ್ಲಿ ಸೇರಿಸಿದ್ದಾನೆ. ಸಮದತ್ತಿಯೆಂದರೆ ಆಚಾರದಲ್ಲಿ ತನಗೆ ಸಮಾನನಾದವನಿಗೆ ಕೊಡುವುದು. ಆದಿಪುರಾಣವು ಈ ಸಮಾನತೆಯನ್ನು ಕ್ರಿಯೆ, ಮಂತ್ರ, ವ್ರತಗಳಿಂದ ಅಳೆಯುತ್ತದೆ, ಸಂಬಳದಿಂದ ಅಳೆದಿಲ್ಲ. ಭೂಮಿ ಸುವರ್ಣಗಳನ್ನೂ ಆ ಪಟ್ಟಿಯಲ್ಲಿ ಹೇಳಿದೆಯಲ್ಲ, ಆದ್ದರಿಂದ ವರದಕ್ಷಿಣೆಗೆ ಶಾಸ್ತ್ರಾಧಾರವಿದೆ ಎಂದು ಜಾಣತನ ತೋರುವವರು ದತ್ತಿ ಎಂಬ ಪದವನ್ನು ಮರೆಯುತ್ತಾರೆ. ದತ್ತಿಯಲ್ಲಿ ಕರ್ತೃ ಕೊಡುವವನು. ಗೊತ್ತುಪಡಿಸಿ, ಪಟ್ಟಿಮಾಡಿ, ಮುಹೂರ್ತದ ಮುನ್ನಾದಿನ ಬಾಕಿ ಕೇಳಿ ಪಡೆದದ್ದರಲ್ಲಿ ಕರ್ತೃ ಪಡೆಯುವವನು. ಹೆದರಿಕೆಯಿಂದ ಕೈಬಿಟ್ಟ ವಸ್ತುವನ್ನು ದತ್ತವೆನ್ನಬಹುದೇ? ದತ್ತವಲ್ಲದ್ದನ್ನು ತೆಗೆದುಕೊಂಡರೆ ತತ್ತ್ವಾರ್ಥಸೂತ್ರವು ಅದಕ್ಕೆ ಇಟ್ಟ ಹೆಸರು ಸ್ತೇಯ, ಕಳವು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಬರುವ ಎಷ್ಟೋ ಶತಮಾನಗಳ ಮೊದಲೇ ಅಣುವ್ರತಿಗೆ ಇದು ನಿಷಿದ್ಧವಾಗಿತ್ತು. ಅದೇ ಸೂತ್ರಗ್ರಂಥವು ಪರವಿವಾಹಕರಣವನ್ನು, ಎಂದರೆ ಅನ್ಯರ ಮದುವೆ ಮಾಡಿಸುವ ಗೀಳನ್ನು, ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ತನ್ನ ಮಕ್ಕಳದು ಕರ್ತವ್ಯ. ಜಾತಕಗಳ ಕಟ್ಟನ್ನು ಬಗಲಲ್ಲಿಟ್ಟು ಊರೂರು ತಿರುಗುವ ಪ್ರತಿಮಾಧಾರಿಗಳು ಮಾತ್ರ ಆ ಸೂತ್ರವನ್ನು ತೆಗೆದು ನೋಡಬೇಕು.

ಪಾಣಿಗ್ರಹಣವಾದ ಮೇಲೆ ಆದಿಪುರಾಣವು ಒಂದು ವ್ರತವನ್ನು ವಿಧಿಸುತ್ತದೆ. ಇದನ್ನು ಇಂದು ಬಹುಮಂದಿ ಕೇಳಿಯೇ ಇಲ್ಲ. ವಧೂವರರು ದೇವರ ಮತ್ತು ಅಗ್ನಿಯ ಸಾಕ್ಷಿಯಾಗಿ ಏಳು ದಿನಗಳವರೆಗೆ ಬ್ರಹ್ಮಚರ್ಯದಲ್ಲಿರಬೇಕು. ಯೋಗ್ಯವಾದ ಪ್ರದೇಶಗಳಲ್ಲಿ ಸಂಚರಿಸಿ, ತೀರ್ಥಭೂಮಿಗಳನ್ನು ದರ್ಶಿಸಿ, ವೈಭವದಿಂದ ತಮ್ಮ ಮನೆಯನ್ನು ಪ್ರವೇಶಿಸಬೇಕು. ಕಂಕಣವನ್ನು ಬಿಚ್ಚುವುದು ಆಮೇಲೆ. ಕಂಕಣವಿರುವಷ್ಟು ದಿನ ಅದು ವ್ರತದ ಗುರುತು. ಈಗ ಅದನ್ನು ಧಾರೆಯ ದಿನ ಮಧ್ಯಾಹ್ನವೇ ಬಿಚ್ಚಿ ಅರಿಶಿನದ ನೀರಿನಲ್ಲಿ ಆಟವಾಡಿ ಮುಗಿಸುತ್ತಾರೆ. ಮದುವೆಯಾದೊಡನೆ ಪ್ರವಾಸ ಹೋಗುವ ಪದ್ಧತಿ ಪರದೇಶದಿಂದ ಬಂದಿತೆಂದು ಹಳಿಯುವವರೂ, ಅದೇ ನಾಗರಿಕತೆಯೆಂದು ಮೆಚ್ಚುವವರೂ ಒಂಬತ್ತನೆಯ ಶತಮಾನದ ಈ ವಿಧಿಯನ್ನು ಗಮನಿಸಬೇಕು. ಪ್ರವಾಸವು ಇಲ್ಲಿಯೂ ಇತ್ತು, ವ್ರತದೊಡನೆ ಇತ್ತು. ಶ್ರವಣಬೆಳಗೊಳ, ಹುಂಚ, ಮೂಡಬಿದಿರೆ, ಕಾರ್ಕಳ, ವೇಣೂರುಗಳನ್ನು ಏಳು ದಿನಗಳಲ್ಲಿ ನಿಧಾನವಾಗಿ ನೋಡಿ ಬರಬಹುದು. ಅಪರಿಚಿತರಾದ ಇಬ್ಬರು ಮೊದಲು ಸಹಧರ್ಮಿಗಳಾಗಿ ಒಬ್ಬರನ್ನೊಬ್ಬರು ಅರಿಯಲು, ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಜೊತೆಯಾಗಿ ಹತ್ತುವುದಕ್ಕಿಂತ ಒಳ್ಳೆಯ ಅವಕಾಶ ಬೇರೆ ದೊರೆಯಲಾರದು.

ಈ ಕ್ರಮವೆಲ್ಲ ಶಕ್ತಿಯನ್ನೂ ಕಾಲವನ್ನೂ ನೋಡಿ ನಡೆಸತಕ್ಕದ್ದು, ಅಶಕ್ತರಿಗೆ ಬೇರೆ ರೀತಿ ಎಂದು ಆಚಾರ್ಯರೇ ಅನುಕಂಪದಿಂದ ಸೇರಿಸಿದ್ದಾರೆ. ಏಳು ದಿನ ಆಗದವರು ಮೂರು ದಿನ ಮಾಡಬಹುದು. ದೂರದ ತೀರ್ಥಕ್ಕೆ ಹೋಗಲಾಗದವರು ಊರಿನ ಬಸದಿಗೆ ಹೋಗಬಹುದು. ನಿಯಮವನ್ನು ಮಾತ್ರ ಕಂಕಣ ಕಟ್ಟಿಸಿಕೊಳ್ಳುವಾಗಲೇ, ಎಷ್ಟು ದಿನವೆಂದು ಬಾಯಿಬಿಟ್ಟು ಹೇಳಿ, ಸಿದ್ಧಪ್ರತಿಮೆಯ ಮುಂದೆ ಸ್ವೀಕರಿಸಬೇಕು. ಅವಧಿ ಹೇಳದೆ ಹಿಡಿದದ್ದನ್ನು ಶಾಸ್ತ್ರದಲ್ಲಿ ನಿಯಮವೆನ್ನುವುದಿಲ್ಲ.